ಆತಂಕವೂ ನಿಶ್ಚಯದ ಹಂಬಲವೂ

2025ನೆಯ ಇಸವಿಯ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯನ್ನು ಆವರಿಸಿಕೊಂಡಿದ್ದ ಭೀತಿಯನ್ನು ನಮ್ಮ ಸೀಮೆಯವರು ಇನ್ನೂ ಮರೆತಿರಲಾರರು. ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡರೆಂಬ ವಾರ್ತೆಯು, ಅವರಲ್ಲಿ ಹಲವರು ಇನ್ನೂ ಹರೆಯದವರೆಂಬ ವಿವರದೊಡನೆ, ದಿನಪತ್ರಿಕೆಗಳಲ್ಲಿಯೂ ದೂರದರ್ಶನದ ವಾಹಿನಿಗಳಲ್ಲಿಯೂ ಕೈಯೊಳಗಣ ಮೊಬೈಲಿನಲ್ಲಿಯೂ ಎಡೆಬಿಡದೆ ಬರತೊಡಗಿದಾಗ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಯಾವ ರೋಗವೂ ಇಲ್ಲದವರು ಕೂಡ ತಮ್ಮ ಎದೆಬಡಿತಕ್ಕೆ ಕಿವಿಗೊಟ್ಟು ಕುಳಿತರು, ಇ.ಸಿ.ಜಿ. ಮಾಡಿಸಿಕೊಳ್ಳುವುದಕ್ಕಾಗಿ ಆಸ್ಪತ್ರೆಗಳ ಮುಂದೆ ಸಾಲುಗಳು ಬೆಳೆದುವು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಜನ ಕಿಕ್ಕಿರಿದರು. ಆ ಸಾವುಗಳು ನಿಜವಾದುವು. ಆ ಮನೆಗಳ ದುಃಖವು ಯಾರ ತರ್ಕದಿಂದಲೂ ತೂಗತಕ್ಕದ್ದಲ್ಲ. ನನ್ನ ವಿಚಾರಕ್ಕೆ ವಿಷಯವಾಗಿರುವುದು ಉಳಿದವರ ಮನಸ್ಸನ್ನು ಹಿಡಿದ ಆತಂಕ, ಮತ್ತು ಆ ಆತಂಕಕ್ಕೆ ಮದ್ದೆಂದು ನಾವು ಬಹುಮಟ್ಟಿಗೆ ಪರೀಕ್ಷಿಸದೆಯೇ ಒಪ್ಪಿಕೊಂಡಿರುವ ಒಂದು ಅಭಿಪ್ರಾಯ. ಆ ಅಭಿಪ್ರಾಯವು ಹೃದಯಾಘಾತದ ಭಯಕ್ಕೆ ಮಾತ್ರ ಸೇರಿದುದಲ್ಲ. ಬೆಳೆಸಾಲ, ಮಕ್ಕಳ ಪರೀಕ್ಷೆ, ಮಗಳ ಮದುವೆ, ವೃದ್ಧರ ಕಾಯಿಲೆ, ಕಾಲಕ್ಕೆ ಬಾರದ ಮಳೆ ಇವೆಲ್ಲವೂ ಒಟ್ಟಾಗಿ ಒಬ್ಬನ ಮೇಲೆ ಬಿದ್ದು, ಯಾವುದನ್ನು ಮೊದಲು ಹಿಡಿಯಬೇಕೆಂದು ತಿಳಿಯದೆ ಅವನು ಕಂಗಾಲಾದಾಗಲೆಲ್ಲ ನಾವು ಅವನಿಗೆ ಹೇಳುವ ಬುದ್ಧಿಮಾತಿನ ಹಿಂದೆ ಅದೇ ಅಭಿಪ್ರಾಯವಿರುತ್ತದೆ.

ಆ ಅಭಿಪ್ರಾಯವನ್ನು ಅದರ ಸಮರ್ಥಕರು ಒಪ್ಪುವಂಥ ರೀತಿಯಲ್ಲಿಯೇ ಮೊದಲು ನಿರೂಪಿಸೋಣ. ಆತಂಕವು ಸಂಶಯದಿಂದ ಹುಟ್ಟುತ್ತದೆ. ಅಪಾಯವುಂಟೋ ಇಲ್ಲವೋ ಎಂಬುದು ತಿಳಿಯದಿರುವವರೆಗೆ ಮನಸ್ಸು ತೂಗಾಡುತ್ತದೆ. ಆದಕಾರಣ ಅಪಾಯವಿಲ್ಲವೆಂಬುದನ್ನು ನಿಶ್ಚಯಪಡಿಸಿಕೊಂಡರೆ ಆತಂಕವು ತಾನಾಗಿ ಅಳಿಯುತ್ತದೆ. ಹೀಗೆ ಮನಸ್ಸು ಶಾಂತವಾದ ಮೇಲೆ ಮನುಷ್ಯನು ತನ್ನ ಕೆಲಸಕ್ಕೆ ಕೈಹಾಕಬೇಕು; ಕಳವಳಗೊಂಡ ಚಿತ್ತದಿಂದ ಮಾಡಿದ ಕೆಲಸ ಕೆಡುತ್ತದೆ. ನಿಶ್ಚಯವು ದೊರೆತ ಮೇಲೆಯೂ ಒಬ್ಬನ ಆತಂಕ ಹೋಗದಿದ್ದರೆ ಅದು ಅವನ ಮನೋದೌರ್ಬಲ್ಯ. ಅಂಥವನು ಧೈರ್ಯ ತಂದುಕೊಳ್ಳಬೇಕು. ಈ ವಾದಕ್ಕೆ ನಮ್ಮ ಪರಂಪರೆಯ ಒಂದು ಪ್ರಸಿದ್ಧ ದೃಷ್ಟಾಂತವೂ ಬೆಂಬಲವಾಗಿ ನಿಲ್ಲುವಂತೆ ತೋರುತ್ತದೆ. ಮಬ್ಬುಗತ್ತಲಿನಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿ ನಡುಗಿದವನಿಗೆ ದೀಪವೊಂದನ್ನು ತಂದು ತೋರಿಸಿದರೆ ಸಾಕು. ಅವನ ನಡುಕವನ್ನು ಪ್ರತ್ಯೇಕವಾಗಿ ನಿವಾರಿಸಬೇಕಾದ ಶ್ರಮವೇ ಇಲ್ಲ. ಜ್ಞಾನವು ಭಯನಾಶಕವೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ಬೇಕೆ? ಈ ಅಭಿಪ್ರಾಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರಲ್ಲಿ ಅನುಭವದ ಒಂದು ಅಂಶವಿದೆ. ವಿಜ್ಞಾನದ ಬಗೆಗೆ ಗೌರವವಿದೆ. ಕಷ್ಟದಲ್ಲಿರುವವನಿಗೆ ಬಿಡುಗಡೆಯ ದಾರಿ ತೋರಿಸಬೇಕೆಂಬ ಸದಾಶಯವೂ ಇದೆ. ಆದರೂ ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಿದರೆ, ಅದರ ಪ್ರತಿಯೊಂದು ಎಳೆಯೂ ಬೇರೆ ಬೇರೆಯಾದ ಎರಡು ವಿಷಯಗಳನ್ನು ಒಂದೆಂದು ಭಾವಿಸಿರುವುದು ಕಂಡುಬರುತ್ತದೆ.

ಮೊದಲನೆಯದಾಗಿ ಆ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ದೀಪವು ಭಯವನ್ನು ಕಳೆದದ್ದು ಹೇಗೆ? ಹಗ್ಗವು ಅಲ್ಲಿಯೇ, ಆ ಕ್ಷಣದಲ್ಲಿಯೇ, ಕಣ್ಣೆದುರಿಗೇ ಬಿದ್ದಿತ್ತು. ಅದರ ಸ್ವರೂಪವು ಆಗಲೇ ನಿರ್ಧಾರವಾಗಿತ್ತು. ತಿಳಿಯಬೇಕಾದುದು ಸಿದ್ಧವಾಗಿದ್ದು ತಿಳಿವೊಂದು ಮಾತ್ರ ಬಾಕಿಯಿತ್ತು. ಆತಂಕದ ವಿಷಯವು ಇಂಥದಲ್ಲ. ಬರುವ ವರ್ಷ ನನ್ನ ಹೃದಯವು ಹೇಗಿರುತ್ತದೆ, ಬರುವ ಮಳೆಗಾಲದಲ್ಲಿ ಆಲೂಗೆಡ್ಡೆಗೆ ಅಂಗಮಾರಿ ರೋಗ ತಗಲುತ್ತದೆಯೇ, ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಈ ಸಾಲಿನ ಹೊಗೆಸೊಪ್ಪಿಗೆ ಏನು ಬೆಲೆ ಬೀಳುತ್ತದೆ, ದೂರದ ಊರಿನಲ್ಲಿ ಓದುತ್ತಿರುವ ಮಗನು ಯಾವ ದಾರಿ ಹಿಡಿಯುತ್ತಾನೆ ಎಂಬಿವು ಯಾವುವೂ ಇಂದು ಎಲ್ಲಿಯೂ ಸಿದ್ಧವಾಗಿ ಬಿದ್ದುಕೊಂಡಿಲ್ಲ. ಆಗದೆ ಇರುವ ಸಂಗತಿಯ ಮೇಲೆ ಎಷ್ಟು ಬೆಳಕು ಚೆಲ್ಲಿದರೂ ಅಲ್ಲಿ ಕಾಣುವಂಥದೇನೂ ಇಲ್ಲ. ಇ.ಸಿ.ಜಿ. ಯಂತ್ರವು ಉತ್ತರಿಸುವ ಪ್ರಶ್ನೆ, ಈ ಹೊತ್ತಿನಲ್ಲಿ ಹೃದಯದ ವಿದ್ಯುತ್‌ಸಂಚಾರದಲ್ಲಿ ದೋಷದ ಚಿಹ್ನೆಯುಂಟೇ ಎಂಬುದು. ಆತಂಕಗ್ರಸ್ತನು ಕೇಳುವ ಪ್ರಶ್ನೆ, ನಾಳೆ ನನಗೇನೂ ಆಗುವುದಿಲ್ಲವಷ್ಟೇ ಎಂಬುದು. ಮೊದಲನೆಯ ಪ್ರಶ್ನೆಗೆ ಬಂದ ಉತ್ತರವನ್ನು ಎರಡನೆಯದಕ್ಕೆ ಬಂದ ಉತ್ತರವೆಂದು ಅವನು ಮನೆಗೆ ಒಯ್ಯುತ್ತಾನೆ. ಎರಡು ದಿನಗಳೊಳಗಾಗಿ ಆ ಅಂತರವು ಅವನ ಬುದ್ಧಿಗೇ ಹೊಳೆಯುತ್ತದೆ. ಅಂದು ಸರಿಯಾಗಿದ್ದುದು ಇಂದು ಸರಿಯಾಗಿದೆಯೆಂಬುದಕ್ಕೆ ಪ್ರಮಾಣವೇನು ಎಂದು ಪುನಃ ಅದೇ ಸಾಲಿನಲ್ಲಿ ನಿಲ್ಲುತ್ತಾನೆ. ಹೀಗೆ ಪುನಃ ಕೇಳಿದ ಪ್ರಶ್ನೆಯಲ್ಲಿ ತರ್ಕದೋಷವೇನೂ ಇಲ್ಲವೆಂಬುದು ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶ. ಪರೀಕ್ಷೆಯು ಭವಿಷ್ಯವನ್ನು ಹೇಳುತ್ತದೆಂದು ಅವನಿಗೆ ಭರವಸೆ ಕೊಟ್ಟ ನಮ್ಮ ಮಾತಿನಲ್ಲಿಯೇ ದೋಷವಿದೆ.

ಎರಡನೆಯದಾಗಿ, ಆತಂಕವು ತನ್ನ ಪಕ್ಷಕ್ಕೆ ತಾನೇ ಸಾಕ್ಷ್ಯವನ್ನು ಸೃಷ್ಟಿಸಿಕೊಳ್ಳುತ್ತದೆಂಬುದನ್ನು ಈ ಅಭಿಪ್ರಾಯವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಪಾಯದ ಶಂಕೆಯುಂಟಾದೊಡನೆ ಶರೀರದಲ್ಲಿ ಅಡ್ರಿನಲಿನ್ ಎಂಬ ದ್ರವ್ಯವು ರಕ್ತಕ್ಕೆ ಸೇರಿ ಹೃದಯದ ಬಡಿತವು ತೀವ್ರವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ಬೇಗಬೇಗನೆ ಓಡುತ್ತದೆ. ಉಸಿರು ಹೀಗೆ ಅಗತ್ಯಕ್ಕಿಂತ ಹೆಚ್ಚಾದಾಗ ರಕ್ತದಲ್ಲಿರುವ ಇಂಗಾಲದ ಡೈ ಆಕ್ಸೈಡಿನ ಪ್ರಮಾಣವು ತಗ್ಗಿ, ಬೆರಳ ತುದಿಗಳಲ್ಲಿ ಜುಮ್ಮೆನ್ನುವಿಕೆ, ತಲೆ ಹಗುರಾಗುವಿಕೆ, ಎದೆಯಲ್ಲಿ ಬಿಗಿತ ಇವು ತೋರಿಬರುತ್ತವೆ. ಹೃದಯದ ವಿಷಯವಾಗಿಯೇ ಹೆದರಿರುವವನಿಗೆ ಈ ಲಕ್ಷಣಗಳು ಏನೆಂದು ತೋರಬೇಕು? ತಾನು ಹೆದರಿದ್ದ ಸಂಗತಿಯೇ ಘಟಿಸುತ್ತಿದೆಯೆಂದು ಅವನು ನಿರ್ಣಯಿಸುತ್ತಾನೆ. ಆ ನಿರ್ಣಯದಿಂದ ಭಯವು ಇಮ್ಮಡಿಸುತ್ತದೆ. ಭಯದಿಂದ ಲಕ್ಷಣಗಳು ಇಮ್ಮಡಿಸುತ್ತವೆ. ಭಾವವು ಮೊದಲು ಹುಟ್ಟಿ ಶರೀರವಿಕಾರವು ಅದನ್ನು ಹಿಂಬಾಲಿಸುತ್ತದೆಂಬ ಸಾಮಾನ್ಯ ತಿಳಿವಳಿಕೆಯನ್ನು ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸನು 1884ರಲ್ಲಿ ಪ್ರಶ್ನಿಸಿ, ಶರೀರವಿಕಾರದ ಅನುಭವವೇ ಭಾವವೆಂದು ವಾದಿಸಿದನು. ಅದಕ್ಕೂ ಬಹು ಶತಮಾನಗಳ ಹಿಂದೆಯೇ ಪತಂಜಲಿ ಮಹರ್ಷಿಯು ಯೋಗಸೂತ್ರದಲ್ಲಿ ಅಂಗಗಳ ನಡುಕವನ್ನೂ ಉಸಿರಿನ ಏರುಪೇರನ್ನೂ ಚಿತ್ತವಿಕ್ಷೇಪದ ಒಡನಾಡಿಗಳೆಂದು ಗುರುತಿಸಿದ್ದನು. ಜೇಮ್ಸನ ವಾದವನ್ನು ಪೂರ್ಣವಾಗಿ ಒಪ್ಪಬೇಕಾಗಿಲ್ಲ. ಶರೀರವೂ ಮನಸ್ಸೂ ಒಂದನ್ನೊಂದು ಕೆರಳಿಸಬಲ್ಲುವೆಂಬಷ್ಟನ್ನು ಒಪ್ಪಿದರೆ ಸಾಕು. ಹಾಗೆ ಒಪ್ಪಿದಮೇಲೆ, ತನ್ನೊಳಗಣ ಕಂಪನವನ್ನು ಹೊರಗಣ ಅಪಾಯಕ್ಕೆ ಪ್ರಮಾಣವಾಗಿ ತೆಗೆದುಕೊಳ್ಳುವುದು ಸಾಧುವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಮೂರನೆಯದಾಗಿ, ಸರಿಯಾದ ತಿಳಿವಳಿಕೆ ಬಂದರೂ ಆತಂಕವು ಅದೇ ಪ್ರಮಾಣದಲ್ಲಿ ತಗ್ಗುವುದಿಲ್ಲ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ವರ್ಷವೊಂದಕ್ಕೆ ಸಾವಿರ ಜನರಲ್ಲಿ ಆರು ಮಂದಿ ಮೃತರಾಗುತ್ತಾರೆಂದು ಸ್ಥೂಲವಾಗಿ ಹಿಡಿದರೂ, ಇಷ್ಟು ಜನರಿರುವ ಜಿಲ್ಲೆಯಲ್ಲಿ ನಲವತ್ತು ದಿನಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟ ಮರಣಗಳು ಸಂಭವಿಸುತ್ತವೆ; ನಮ್ಮ ದೇಶದ ಮರಣಗಳಲ್ಲಿ ಸುಮಾರು ಕಾಲುಭಾಗವು ಹೃದಯ ಮತ್ತು ರಕ್ತನಾಳಗಳ ರೋಗಗಳಿಂದ ಆಗುವುದರಿಂದ, ಅವುಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಈ ಬಗೆಯವಾಗಿರುವುದು ಯಾವ ವರ್ಷದಲ್ಲಾದರೂ ನಿರೀಕ್ಷಿಸತಕ್ಕ ಸಂಗತಿ. ವಾರ್ತೆಗಳಲ್ಲಿ ಬಂದವು ಇಪ್ಪತ್ತು ಚಿಲ್ಲರೆ. ಜನರನ್ನು ಬೆಚ್ಚಿಸಿದ್ದು ಸಂಖ್ಯೆಗಿಂತ ಹೆಚ್ಚಾಗಿ ಮೃತರ ವಯಸ್ಸೆಂಬುದು ನಿಜ. ಆದುದರಿಂದ ಈ ಗಣನೆಯೊಂದೇ ಪೂರ್ಣ ಸಮಾಧಾನವಾಗಲಾರದು. ಅದಕ್ಕಾಗಿಯೇ ಸರ್ಕಾರವು ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಜುಲೈ ತಿಂಗಳಲ್ಲಿ ಹೊರಬಿದ್ದ ಅದರ ವರದಿಯು 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸದ ಕಾರಣಗಳಿಂದ ಆದುವೆಂದೂ, ಉಳಿದ 20 ಹೃದ್ರೋಗದಿಂದ ಆದುವು ಅಥವಾ ಆಗಿರಬಹುದಾದುವೆಂದೂ, ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಾಧಾರಣವಾಗಿ ಹೆಚ್ಚಿವೆಯೆನ್ನುವುದಕ್ಕೆ ಆಧಾರವಿಲ್ಲವೆಂದೂ ತಿಳಿಸಿತು. ಧೂಮಪಾನ, ಮದ್ಯಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂಥ ಪರಿಚಿತ ಕಾರಣಗಳನ್ನೇ ಎತ್ತಿ ತೋರಿಸಿತು. ಮೃತರಲ್ಲಿ ಆಟೋ, ಟ್ಯಾಕ್ಸಿ ಚಾಲಕರು ಗಣನೀಯ ಸಂಖ್ಯೆಯಲ್ಲಿದ್ದರೆಂಬುದನ್ನೂ ಗುರುತಿಸಿತು. ಈ ವರದಿಯಿಂದ ಯಾವ ಪ್ರಯೋಜನ? ಹೊಗೆಸೊಪ್ಪನ್ನು ಬಿಡಬೇಕು, ರಕ್ತದೊತ್ತಡವನ್ನು ಅಳೆಯಿಸಿಕೊಳ್ಳಬೇಕು, ಹಗಲಿರುಳೂ ಒಂದೇ ಕಡೆ ಕುಳಿತು ದುಡಿಯುವವರ ವಿಶ್ರಾಂತಿಗೆ ಏರ್ಪಾಡಾಗಬೇಕು ಎಂಬ ಆಚರಣೆಯ ದಾರಿಯನ್ನು ಅದು ತೋರಿಸಿತು. ನಿನಗೆ ಏನೂ ಆಗದೆಂಬ ಅಭಯವನ್ನು ಮಾತ್ರ ಅದು ಯಾರಿಗೂ ಕೊಡಲಿಲ್ಲ, ಕೊಡಲಾರದು. ಹೀಗೆ ಜ್ಞಾನದ ನಿಜವಾದ ಫಲವು ನಡತೆಯ ತಿದ್ದುಪಡಿ. ಅದರಿಂದ ನಿಶ್ಚಯವನ್ನು ಬಯಸಿದವನು ಆ ಫಲವನ್ನೂ ಕೈಬಿಟ್ಟು ನಿರಾಶನಾಗಿ ಹಿಂದಿರುಗುತ್ತಾನೆ.

ನಾಲ್ಕನೆಯ ಅಂಶವು ಇವೆಲ್ಲಕ್ಕಿಂತ ಮುಖ್ಯವಾದುದು. ಅಭಯವನ್ನು ಬೇಡಿ ಪಡೆದಾಗ ಆತಂಕಗ್ರಸ್ತನಿಗೆ ಒಡನೆಯೇ ಒಂದು ಹಾಯೆನಿಸುವ ಅನುಭವವಾಗುತ್ತದೆ. ಆ ಹಾಯೆನಿಸುವಿಕೆಯಿಂದ ಮನಸ್ಸು ಕಲಿಯುವ ಪಾಠವೇನು? ಅಪಾಯವು ನಿಜವಾಗಿತ್ತು, ವಿಚಾರಿಸಿಕೊಂಡದ್ದರಿಂದ ಅದು ತಪ್ಪಿತು ಎಂಬುದೇ. ಹೀಗಾಗಿ ಮುಂದಿನ ಶಂಕೆಯು ಇನ್ನೂ ಬೇಗನೆ ಏಳುತ್ತದೆ, ಇನ್ನೂ ದೊಡ್ಡ ಅಭಯವನ್ನು ಬೇಡುತ್ತದೆ. ವೈದ್ಯರಿಂದ ವೈದ್ಯರಿಗೆ ಅಲೆಯುವುದು, ಒಬ್ಬ ಜ್ಯೋತಿಷಿಯ ಮಾತನ್ನು ಇನ್ನೊಬ್ಬನಲ್ಲಿ ಪರಿಶೀಲಿಸಿಕೊಳ್ಳುವುದು, ಮಗನು ಹಾಸ್ಟೆಲು ಸೇರಿದನೋ ಇಲ್ಲವೋ ಎಂದು ಗಂಟೆಗೊಮ್ಮೆ ಫೋನು ಮಾಡುವುದು, ಬೀಗ ಹಾಕಿದೆಯೇ ಎಂದು ಅರ್ಧದಾರಿಯಿಂದ ಹಿಂದಿರುಗುವುದು ಇವೆಲ್ಲ ಒಂದೇ ಜಾತಿಗೆ ಸೇರಿದ ವ್ಯಾಪಾರಗಳು. ಭಯಹುಟ್ಟಿಸುವ ಕಾರ್ಯವನ್ನು ತಪ್ಪಿಸಿಕೊಳ್ಳುವುದೂ ಇದೇ ಜಾತಿಯದು. ಬ್ಯಾಂಕಿನ ನೋಟೀಸನ್ನು ಒಡೆಯದೆ ಇಟ್ಟವನಿಗೆ ಆ ಸಂಜೆಯು ಹಗುರವಾಗುತ್ತದೆ. ಅವನು ಅದನ್ನು ಒಡೆಯಬೇಕಾದ ದಿನ ಮಾತ್ರ ಇನ್ನಷ್ಟು ಭಾರವಾಗುತ್ತದೆ. ನಿಶ್ಚಯದ ಹಂಬಲವು ಆತಂಕಕ್ಕೆ ಔಷಧವೆಂದು ತಿಳಿದಿದ್ದೆವಷ್ಟೇ. ಅದು ಆತಂಕದ ಆಹಾರವೆಂಬುದು ಇಲ್ಲಿ ತೋರಿಬರುತ್ತದೆ.

ಇನ್ನು ಧೈರ್ಯ ತಂದುಕೊಳ್ಳಬೇಕೆಂಬ ಉಪದೇಶದ ವಿಷಯ. ಸಂಕಲ್ಪಕ್ಕೆ ಕೈಕಾಲುಗಳು ಅಧೀನವಾಗಿವೆ, ಮಾತು ಅಧೀನವಾಗಿದೆ; ಎದೆಬಡಿತವಾಗಲಿ ನಿದ್ರೆಯಾಗಲಿ ಮನಸ್ಸಿನೊಳಕ್ಕೆ ನುಗ್ಗುವ ಯೋಚನೆಯಾಗಲಿ ಅದಕ್ಕೆ ನೇರವಾಗಿ ಅಧೀನವಲ್ಲ. ನಿದ್ರೆಮಾಡಲೇಬೇಕೆಂದು ಹಟತೊಟ್ಟವನಿಗೆ ನಿದ್ರೆ ದೂರವಾಗುವುದು ಎಲ್ಲರ ಅನುಭವ. ಅಧೀನವಲ್ಲದುದನ್ನು ಆಜ್ಞಾಪಿಸಿ ಸೋತವನು, ಮೊದಲಿದ್ದ ಆತಂಕದ ಮೇಲೆ ತಾನು ಹೇಡಿಯೆಂಬ ಲಜ್ಜೆಯನ್ನೂ, ತನ್ನ ಬುದ್ಧಿ ಕೆಡುತ್ತಿದೆಯೋ ಏನೋ ಎಂಬ ಎರಡನೆಯ ಆತಂಕವನ್ನೂ ಹೊತ್ತುಕೊಳ್ಳುತ್ತಾನೆ; ಹೊತ್ತುದನ್ನು ಮನೆಯವರಿಗೂ ಹೇಳದೆ ಬಚ್ಚಿಡುತ್ತಾನೆ. ಭಗವದ್ಗೀತೆಯಲ್ಲಿ ಮನೋನಿಗ್ರಹವು ದುಷ್ಕರವೆಂದು ಅರ್ಜುನನು ತೋಡಿಕೊಂಡಾಗ ಶ್ರೀಕೃಷ್ಣನು ಆ ಮಾತನ್ನು ಒಪ್ಪಿಕೊಂಡೇ ಅಭ್ಯಾಸ ಮತ್ತು ವೈರಾಗ್ಯಗಳನ್ನು ಉಪಾಯಗಳಾಗಿ ಹೇಳಿದನೆಂಬುದನ್ನು, ಧೈರ್ಯದ ಉಪದೇಶ ಮಾಡುವವರು ನೆನಪಿಡಬೇಕು. ಅಭ್ಯಾಸವೆಂದರೆ ದಿನದಿನವೂ ಕೈಯಿಂದ ಮಾಡಬಹುದಾದ ಕೆಲಸ. ವೈರಾಗ್ಯವೆಂದರೆ ಫಲದ ವಿಷಯದಲ್ಲಿ ಹಿಡಿದ ಪಟ್ಟನ್ನು ಸಡಿಲಿಸುವುದು. ಒಂದು ಕ್ಷಣದ ಸಂಕಲ್ಪದಿಂದ ಮನಸ್ಸನ್ನು ಶಾಂತಗೊಳಿಸಿಕೊಳ್ಳೆಂಬ ಅಪ್ಪಣೆಯು ಅಲ್ಲಿಲ್ಲ.

ಹಾಗಾದರೆ ಸರಿಯಾದ ನಿಲವು ಯಾವುದು? ನೆಮ್ಮದಿಯು ಬದುಕಿನ ಕೆಲಸಕ್ಕೆ ಪೂರ್ವಾಂಗವೆಂದು ನಾವು ಭಾವಿಸಿದ್ದೇವೆ. ಅದನ್ನು ಕೆಲಸದ ಫಲಗಳಲ್ಲೊಂದೆಂದು ತಿಳಿಯಬೇಕು. ಅನಿಶ್ಚಯವನ್ನು ಉಳಿಸಿಕೊಂಡೇ, ಕಳವಳವನ್ನು ಒಳಗಿಟ್ಟುಕೊಂಡೇ, ಮಾಡತಕ್ಕ ಕೆಲಸವನ್ನು ಅಳತೆಯರಿತು ಮಾಡುವುದು ಸಾಧ್ಯ. ಹಾಗೆ ಮಾಡುತ್ತ ಹೋದವನಿಗೆ ಕಾಲಕ್ರಮದಲ್ಲಿ ನೆಮ್ಮದಿಯು ತಾನಾಗಿ ಬರುವುದುಂಟು. ಇದು ಪುಸ್ತಕದ ಸಿದ್ಧಾಂತವೆಂದು ಯಾರಾದರೂ ಶಂಕಿಸಿದರೆ, ನಮ್ಮ ಸೀಮೆಯ ಹಳೇಕೋಟೆ ಹೋಬಳಿಯ ಯಾವುದಾದರೊಂದು ಮಳೆಯಾಶ್ರಯದ ಹೊಲದಂಚಿನಲ್ಲಿ ನಿಂತು ನೋಡಬಹುದು. ಮುಂಗಾರಿನಲ್ಲಿ ರಾಗಿಯನ್ನು ಬಿತ್ತುವ ಒಕ್ಕಲಿಗನಿಗೆ ಮಳೆಯ ನಿಶ್ಚಯವನ್ನು ಕೊಟ್ಟವರಾರು? ಯಾರೂ ಇಲ್ಲ. ಅವನು ಆ ನಿಶ್ಚಯಕ್ಕಾಗಿ ಕಾಯುತ್ತಲೂ ಇಲ್ಲ. ರಾಗಿಯ ನಡುವೆ ಅಕ್ಕಡಿ ಸಾಲುಗಳನ್ನು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಹಾಕುತ್ತಾನೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಮಳೆ ಬೇಗ ಹಿಂದೆಗೆದು ರಾಗಿ ಸೊರಗಿದರೂ ಹಿಂಗಾರಿನ ತೇವಕ್ಕೂ ಇಬ್ಬನಿಗೂ ಅವರೆಯು ಕಾಯಿಗಟ್ಟಬಹುದು. ಈ ಕ್ರಮದಲ್ಲಿ ಭವಿಷ್ಯವನ್ನು ತಿಳಿಯುವ ಪ್ರಯತ್ನವಿಲ್ಲ. ಭವಿಷ್ಯವು ಹೇಗೆ ಬಂದರೂ ಪೂರ್ತಿ ನೆಲಕಚ್ಚದಂತೆ ಇರುವ ಏರ್ಪಾಡಿದೆ. ಬಿತ್ತುವಾಗ ಅವನ ಎದೆಯಲ್ಲಿ ಕಳವಳವಿಲ್ಲವೆಂದು ಭಾವಿಸುವುದು ತಪ್ಪು. ಕಳವಳದ ನಿವಾರಣೆಯನ್ನು ಬಿತ್ತನೆಗೆ ಷರತ್ತಾಗಿ ಅವನು ಇಟ್ಟುಕೊಂಡಿಲ್ಲ, ಅಷ್ಟೆ. ಇದೇ ತತ್ತ್ವವನ್ನು ಜಪಾನಿನ ಮನೋವೈದ್ಯ ಶೋಮಾ ಮೊರಿತಾ (1874–1938) ಚಿಕಿತ್ಸೆಯ ಕ್ರಮವಾಗಿ ರೂಪಿಸಿದನು: ಭಾವಗಳು ಇದ್ದಂತೆ ಇರಲಿ, ಅವುಗಳೊಡನೆ ಹೋರಾಡುವುದು ಬೇಡ, ಮಾಡಬೇಕಾದುದನ್ನು ಮಾಡು ಎಂಬುದು ಅವನ ಬೋಧನೆಯ ಸಾರ. ದೂರದೇಶದ ವೈದ್ಯನೂ ನಮ್ಮ ಹೊಲದ ಒಕ್ಕಲಿಗನೂ ಒಂದೇ ನಿಲವಿಗೆ ಬಂದಿರುವುದು ಆ ನಿಲವಿನ ಬಲವನ್ನು ಸೂಚಿಸುತ್ತದೆ.

ಆದರೆ ವಿವೇಕದ ಮುನ್ನೆಚ್ಚರಿಕೆಯಾವುದು, ನಿಶ್ಚಯದ ಹಂಬಲವಾವುದು ಎಂಬ ವಿಂಗಡಣೆಯು ಕಷ್ಟವಾಗಿ ತೋರಬಹುದು. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಇವುಗಳನ್ನು ಬೇರ್ಪಡಿಸುವುದಕ್ಕೆ ನಾಲ್ಕು ಪ್ರಶ್ನೆಗಳನ್ನು ಸೂಚಿಸಬಹುದು.

1. ಈ ಕೆಲಸಕ್ಕೆ ಕೊನೆಯುಂಟೇ? ವೈದ್ಯರು ಹೇಳಿದ ಅವಧಿಗೊಮ್ಮೆ ರಕ್ತದೊತ್ತಡವನ್ನು ನೋಡಿಸಿಕೊಳ್ಳುವುದಕ್ಕೆ ಒಂದು ಮಿತಿಯಿದೆ. ದಿನಕ್ಕೆ ಹತ್ತು ಸಲ ನಾಡಿ ಹಿಡಿದು ನೋಡಿಕೊಳ್ಳುವುದಕ್ಕೆ ಮಿತಿಯಿಲ್ಲ.

2. ಇದರಿಂದ ಅಪಾಯವು ಕಡಮೆಯಾಗುವುದೇ, ಅಥವಾ ಅಪಾಯದ ಯೋಚನೆಯು ಮಾತ್ರ ಸ್ವಲ್ಪ ಹೊತ್ತು ಮರೆಯಾಗುವುದೇ? ಬೀಡಿ ಸೇದುವುದನ್ನು ಬಿಟ್ಟರೆ ಅಪಾಯವು ಕಡಮೆಯಾಗುತ್ತದೆ. ಹೃದಯಾಘಾತದ ವಿಡಿಯೋಗಳನ್ನು ರಾತ್ರಿಯೆಲ್ಲ ನೋಡಿದರೆ ಅಪಾಯವು ಇದ್ದಲ್ಲಿಯೇ ಇರುತ್ತದೆ.

3. ಪ್ರಶ್ನೆಯನ್ನು ಉತ್ತರ ಬಲ್ಲವರಲ್ಲಿ ಕೇಳುತ್ತಿದ್ದೇನೆಯೇ? ಒಬ್ಬ ವೈದ್ಯನಲ್ಲಿ ಒಮ್ಮೆ ಕೇಳಿ ಆ ಮಾತಿನಂತೆ ನಡೆಯುವುದು ವಿವೇಕ. ಹತ್ತು ಮಂದಿಯಲ್ಲಿ ಕೇಳಿ ಹತ್ತು ಉತ್ತರಗಳನ್ನು ತಾಳೆನೋಡುವುದು ಹಂಬಲ.

4. ಇದನ್ನು ಮಾಡಿದಮೇಲೆ ನನ್ನ ಬದುಕಿನ ವ್ಯಾಪ್ತಿ ಹಿಗ್ಗುವುದೇ, ಕುಗ್ಗುವುದೇ? ಮುನ್ನೆಚ್ಚರಿಕೆಯು ಮನುಷ್ಯನನ್ನು ಅವನ ಕೆಲಸಕ್ಕೆ ಹಿಂದಿರುಗಿಸುತ್ತದೆ. ಹಂಬಲವು ಹೊಲ, ಸಂತೆ, ನೆಂಟರ ಮನೆ ಇವೊಂದೊಂದರಿಂದಲೂ ಅವನನ್ನು ಬಿಡಿಸಿ ಮೂಲೆಗೆ ತರುತ್ತದೆ.

ಹೊರೆ ಹೆಚ್ಚಾಗಿ ಕಂಗೆಟ್ಟ ಸ್ಥಿತಿಗೂ ಈ ವಿಚಾರವು ಅನ್ವಯಿಸುತ್ತದೆ. ಅತ್ತೆಯ ಔಷಧ, ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆ, ಸಂಘದ ವಾರದ ಕಂತು, ಹಸುವಿನ ಹಾಲು ಡೈರಿಗೆ ಸೇರಬೇಕಾದ ವೇಳೆ, ಗಂಡನ ಸಾಲ ಇವನ್ನೆಲ್ಲ ಹೊತ್ತಿರುವ ಗೃಹಿಣಿಯೊಬ್ಬಳನ್ನು ನೆನೆಯಿರಿ. ಈ ಕೆಲಸಗಳು ಲೋಕದಲ್ಲಿ ಒಂದಾದಮೇಲೊಂದಾಗಿ ಬರುತ್ತವೆ. ಮನಸ್ಸಿನಲ್ಲಿ ಮಾತ್ರ ಏಕಕಾಲದಲ್ಲಿ ನಿಲ್ಲುತ್ತವೆ. ಎಲ್ಲವೂ ಸರಿಹೋಗುತ್ತವೆಂಬ ಭರವಸೆ ಮೊದಲು ಸಿಕ್ಕಬೇಕು, ಆಮೇಲೆ ಒಂದನ್ನು ಹಿಡಿಯುತ್ತೇನೆ ಎಂದು ಮನಸ್ಸು ಹಟಹಿಡಿದಾಗ ಯಾವುದೊಂದೂ ಆರಂಭವಾಗುವುದಿಲ್ಲ. ಅವುಗಳನ್ನು ಕಾಗದದ ಮೇಲೆ ಬರೆದಿಟ್ಟು, ಈ ದಿನಕ್ಕೆ ಸೇರಿದುದು ಯಾವುದು, ಬೇರೆಯವರಿಗೆ ವಹಿಸಬಹುದಾದುದು ಯಾವುದು, ಬಿಟ್ಟರೂ ನಷ್ಟವಿಲ್ಲದ್ದು ಯಾವುದು ಎಂದು ಬೇರ್ಪಡಿಸಿದರೆ, ಉಳಿದುದು ಮನಸ್ಸಿಗೆ ತೋರಿದ್ದಕ್ಕಿಂತ ಚಿಕ್ಕದಾಗಿರುವುದು ಸಾಮಾನ್ಯ. ಎಷ್ಟೋ ವೇಳೆ ಹಾಗಾಗದೆ ಹೊರೆಯು ನಿಜವಾಗಿಯೂ ಒಬ್ಬಳ ಶಕ್ತಿಗೆ ಮೀರಿದುದೆಂದೇ ಸ್ಪಷ್ಟವಾಗಬಹುದು. ಆಗ ಬೇಕಾದುದು ಮನೆಯ ಗಂಡಸರು ಆ ಪಟ್ಟಿಯಲ್ಲಿ ತಮ್ಮ ಪಾಲನ್ನು ಎತ್ತಿಕೊಳ್ಳುವುದು. ಅವಳಿಗೆ ತಾಳ್ಮೆಯ ಉಪದೇಶ ಮಾಡುವುದರಿಂದ ಒಂದು ಕೆಲಸವೂ ಕಡಮೆಯಾಗುವುದಿಲ್ಲ.

ಇಲ್ಲಿ ಕೆಲವು ಆಕ್ಷೇಪಗಳನ್ನು ಎದುರಿಸಬೇಕು. ಎಲ್ಲಕ್ಕಿಂತ ಬಲವಾದ ಆಕ್ಷೇಪವೆಂದರೆ, ಜನರ ಆತಂಕಕ್ಕೆ ಸಾಲ, ಬೆಲೆಕುಸಿತ, ಬೆಳೆನಾಶಗಳೆಂಬ ನಿಜವಾದ ಕಾರಣಗಳಿರುವಾಗ ಅನಿಶ್ಚಯವನ್ನು ಸಹಿಸಿಕೊಳ್ಳಿರೆಂದು ಹೇಳುವುದು ಅನ್ಯಾಯವನ್ನು ಸಹಿಸಿಕೊಳ್ಳಿರೆಂದು ಹೇಳಿದಂತಾಗುವುದಿಲ್ಲವೇ ಎಂಬುದು. ಈ ಆಕ್ಷೇಪದ ಅರ್ಧವನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಸಾಲಗಾರನ ಬಾಗಿಲಿನಲ್ಲಿ ವಸೂಲಿಯವರು ಬಂದು ನಿಂತು ಬೆದರಿಸುತ್ತಿರುವಾಗ ಅವನ ಆತಂಕಕ್ಕೆ ಮದ್ದು ಕಾನೂನಿನಲ್ಲಿದೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಕಿರುಸಾಲಗಳ ಬಲಾತ್ಕಾರದ ವಸೂಲಿಯನ್ನು ತಡೆಯುವುದಕ್ಕಾಗಿ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಗಿ ಬಂದದ್ದು ಈ ಕಷ್ಟವು ಸಾರ್ವಜನಿಕವಾದುದೆಂಬುದಕ್ಕೆ ಸಾಕ್ಷಿ. ಸಾಮೂಹಿಕವಾಗಿ ತೀರಿಸಬೇಕಾದ ಕಷ್ಟವನ್ನು ವ್ಯಕ್ತಿಯ ಮನೋದೌರ್ಬಲ್ಯವೆಂದು ಕರೆಯುವುದು ಅಧರ್ಮ. ಆದರೆ ಆಕ್ಷೇಪದ ಉಳಿದ ಅರ್ಧವು ನಿಲ್ಲುವುದಿಲ್ಲ. ನಾನು ಸಹಿಸಬೇಕೆಂದು ಹೇಳಿದ್ದು ತಿಳಿಯಲಾಗದ ನಾಳೆಯನ್ನು. ತಿದ್ದಬಹುದಾದ ಇಂದಿನ ಅನ್ಯಾಯವನ್ನಲ್ಲ. ಗೆಲ್ಲುತ್ತೇವೆಂಬ ನಿಶ್ಚಯ ದೊರೆತ ಮೇಲೆ ಹೋರಾಡೋಣವೆಂದು ಕಾದವರು ಯಾವ ಹೋರಾಟವನ್ನೂ ಮಾಡಿದ್ದಿಲ್ಲ. ಆದುದರಿಂದ ಅನಿಶ್ಚಯದಲ್ಲಿಯೇ ಹೆಜ್ಜೆಯಿಡುವ ಶಕ್ತಿಯು ಅನ್ಯಾಯದ ಪ್ರತಿಭಟನೆಗೆ ಅತ್ಯಗತ್ಯವಾದುದು.

ಎರಡನೆಯ ಆಕ್ಷೇಪವು ಪ್ರಾಣಕ್ಕೆ ಸಂಬಂಧಿಸಿದುದು: ಎದೆಯ ಕಂಪನವನ್ನು ಪ್ರಮಾಣವಾಗಿ ತೆಗೆದುಕೊಳ್ಳಬಾರದೆಂದರೆ, ನಿಜವಾದ ಹೃದಯಾಘಾತವನ್ನು ಆತಂಕವೆಂದು ತಿಳಿದು ಯಾರಾದರೂ ಸತ್ತರೆ ಏನು ಗತಿ? ಇದಕ್ಕೆ ಉತ್ತರವು ನಿಸ್ಸಂದಿಗ್ಧವಾಗಿರಬೇಕು. ಎದೆಯ ನಡುವೆ ಒತ್ತಿದಂಥ ನೋವು, ಅದು ತೋಳಿಗಾಗಲಿ ದವಡೆಗಾಗಲಿ ಬೆನ್ನಿಗಾಗಲಿ ಹರಿಯುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇವು ಕಂಡಾಗ ಸ್ವಂತ ತೀರ್ಮಾನಕ್ಕೆ ಬಾರದೆ ಹತ್ತಿರದ ಆಸ್ಪತ್ರೆಗೆ ಕೂಡಲೆ ಹೋಗತಕ್ಕದ್ದು. ಇಂಥ ತುರ್ತಿಗಾಗಿಯೇ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ತಜ್ಞರ ಸಲಹೆಯೊಡನೆ ಪ್ರಥಮ ಚಿಕಿತ್ಸೆ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ಸರ್ಕಾರವು ರೂಪಿಸಿದೆ. ಹೀಗೆ ಹೋಗುವುದು ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳಲ್ಲಿಯೂ ವಿವೇಕದ ಪಕ್ಷಕ್ಕೇ ಸೇರುತ್ತದೆ. ವೈದ್ಯರು ಪರೀಕ್ಷಿಸಿ ಹೃದಯದಲ್ಲಿ ದೋಷವಿಲ್ಲವೆಂದ ಬಳಿಕವೂ ಅದೇ ಶಂಕೆಯು ದಿನದಿನವೂ ಏಳುತ್ತಿದ್ದರೆ, ಆಗ ಪ್ರಶ್ನೆಯು ಹೃದಯದ್ದಲ್ಲ, ಆತಂಕದ್ದು ಎಂದು ತಿಳಿದು ಅದಕ್ಕೆ ತಕ್ಕ ವೈದ್ಯರನ್ನು ಕಾಣಬೇಕು.

ಮೂರನೆಯ ಆಕ್ಷೇಪವು ಆಸ್ತಿಕರದು. ದೇವರಲ್ಲಿ ಮೊರೆಯಿಡುವುದೂ ಹರಕೆ ಹೊರುವುದೂ ಅಭಯವನ್ನು ಬೇಡುವುದೇ ಆಗಿರುವುದರಿಂದ, ಅವುಗಳನ್ನೂ ಈ ವಾದವು ತಳ್ಳಿಹಾಕುತ್ತದೆಯೇ? ಹೊಳೆನರಸೀಪುರದ ಲಕ್ಷ್ಮೀನರಸಿಂಹನ ಸನ್ನಿಧಿಯಲ್ಲಿ ಕೈಮುಗಿದು ನಿಂತವನ ಮನಸ್ಸಿನಲ್ಲಿ ಎರಡು ಭಾವಗಳಿರಬಹುದು. ಇಂತಿಷ್ಟು ಕೊಡುತ್ತೇನೆ, ಇಂತಿಂಥದು ಆಗದಂತೆ ನೋಡಿಕೊ ಎಂಬ ಕರಾರು ಒಂದು. ಆಗುವುದು ನಿನ್ನದು, ಮಾಡುವುದು ನನ್ನದು ಎಂಬ ಶರಣಾಗತಿ ಇನ್ನೊಂದು. ಕರಾರಿನ ಭಾವದಲ್ಲಿ ನಿಶ್ಚಯದ ಹಂಬಲವು ಹಾಗೆಯೇ ಉಳಿದಿದೆ. ಆದಕಾರಣ ಅದು ಒಂದು ಹರಕೆಯಿಂದ ಇನ್ನೊಂದಕ್ಕೆ ಅಲೆದಾಡಿಸುತ್ತದೆ. ಶ್ರದ್ಧಾವಂತರಲ್ಲಿ ನಾವು ಕಾಣುವ ಶಾಂತಿಯು ಶರಣಾಗತಿಯಿಂದ ಬಂದುದು. ಆ ಶರಣಾಗತಿಯ ತಿರುಳು ನಾಳೆಯನ್ನು ತಿಳಿಯಬೇಕೆಂಬ ಹಟವನ್ನು ಬಿಟ್ಟುಕೊಡುವುದೇ ಆಗಿದೆ. ಆದುದರಿಂದ ಈ ವಾದಕ್ಕೂ ಭಕ್ತಿಗೂ ವಿರೋಧವಿಲ್ಲ.

ಕೊನೆಯದಾಗಿ, ಆತಂಕವು ರೋಗದ ಮಟ್ಟವನ್ನು ಮುಟ್ಟಿದವರ ವಿಷಯ. ಅಳತೆಯರಿತು ಕೆಲಸ ಮಾಡೆಂಬ ಮಾತು ತಿಂಗಳುಗಟ್ಟಲೆ ನಿದ್ರೆಗೆಟ್ಟವನಿಗೆ, ಊಟ ಸೇರದವನಿಗೆ, ಮನೆಯಿಂದ ಹೊರಗೆ ಕಾಲಿಡಲಾರದವನಿಗೆ ಸಾಲದು. ಅವನಿಗೆ ಚಿಕಿತ್ಸೆ ಬೇಕು. ಥೈರಾಯ್ಡ್ ಗ್ರಂಥಿಯ ಅತಿಸ್ರಾವದಿಂದಲೂ ರಕ್ತಹೀನತೆಯಿಂದಲೂ ಎದೆ ಡವಗುಟ್ಟಬಹುದಾದುದರಿಂದ ಶರೀರಪರೀಕ್ಷೆಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ವಯಸ್ಕರು ಯಾವುದಾದರೊಂದು ಮಾನಸಿಕ ವ್ಯಾಧಿಯಿಂದ ನರಳುತ್ತಿದ್ದರು. ಅಂಥವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯು ದೊರೆತಿರಲಿಲ್ಲ. ವೈದ್ಯರ ಅಭಾವವು ಇದಕ್ಕೊಂದು ಕಾರಣ. ಮನೋವ್ಯಾಧಿಯು ಹೇಡಿತನದ ಗುರುತೆಂಬ ಭಾವನೆಯು ಇನ್ನೊಂದು. ಈ ಎರಡನೆಯ ಕಾರಣವನ್ನು ಬೆಳೆಸಿದವರು ಧೈರ್ಯದ ಉಪದೇಶಕರೇ. ಚಿಕಿತ್ಸೆಯ ಮಾರ್ಗಗಳು ಈಗ ದುರ್ಲಭವಾಗಿಲ್ಲ: ಔಷಧಗಳುಂಟು, ಭಯದ ಸಂದರ್ಭಗಳನ್ನು ಹಂತಹಂತವಾಗಿ ಎದುರಿಸುವುದನ್ನು ಕಲಿಸುವ ಮನಶ್ಚಿಕಿತ್ಸೆಯುಂಟು, ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ, ಕನ್ನಡದಲ್ಲಿಯೇ, ಹಣ ತೆರದೆ ಕರೆಮಾಡಬಹುದು. ಆ ಮನಶ್ಚಿಕಿತ್ಸೆಯು ಕಲಿಸುವುದೂ ಅಭಯವನ್ನು ಬೇಡದೆ ಅನಿಶ್ಚಯದೊಡನೆ ಇರುವುದನ್ನೇ. ಒಬ್ಬನೇ ಕಲಿಯಲಾಗದುದನ್ನು ಬಲ್ಲವರ ಜೊತೆಯಲ್ಲಿ ಕಲಿಯುವುದರಲ್ಲಿ ಲಜ್ಜೆಪಡತಕ್ಕದ್ದು ಏನೂ ಇಲ್ಲ.

ಈ ವಿಚಾರದಿಂದ ಆತಂಕಗ್ರಸ್ತರಿಗಿಂತ ಹೆಚ್ಚಾಗಿ ಅವರ ಸುತ್ತಲಿರುವ ನಮಗೆ ಕರ್ತವ್ಯವೊಂದು ಪ್ರಾಪ್ತವಾಗುತ್ತದೆ. ಏನೂ ಆಗುವುದಿಲ್ಲ, ಸುಮ್ಮನಿರು ಎಂದು ಹೇಳುವುದು ಸುಲಭ. ಆದರೆ ಆ ಮಾತಿನಲ್ಲಿ ನಮಗೆ ತಿಳಿಯದುದನ್ನು ತಿಳಿದಂತೆ ಹೇಳಿದ ಅಸತ್ಯವಿದೆ, ಕೇಳಿದವನು ನಾಳೆ ಮತ್ತೆ ಕೇಳಬೇಕಾಗುವಂಥ ಬಂಧನವೂ ಇದೆ. ಅದಕ್ಕೆ ಬದಲಾಗಿ, ನಾಳೆ ಏನಾಗುವುದೋ ನನಗೂ ತಿಳಿಯದು, ಆದರೆ ವೈದ್ಯರಲ್ಲಿಗೆ ನಿನ್ನೊಡನೆ ಬರುತ್ತೇನೆ, ಸಾಲದ ಲೆಕ್ಕವನ್ನು ನಿನ್ನೊಡನೆ ಕುಳಿತು ಬರೆಯುತ್ತೇನೆ, ಈ ವಾರ ನಿನ್ನ ಹಸುವನ್ನು ನಾನು ನೋಡಿಕೊಳ್ಳುತ್ತೇನೆ ಎನ್ನಬಹುದು. ಈ ಮಾತು ಪೂರ್ತಿಯಾಗಿ ಸತ್ಯವಾದುದು. ಅದರ ಒಂದೊಂದು ಭಾಗವೂ ಹೇಳಿದವನ ಕೈಯಲ್ಲಿ ನೆರವೇರತಕ್ಕದ್ದು. ಭವಿಷ್ಯದ ಬಗೆಗೆ ಭರವಸೆ ಕೊಡುವ ಅಧಿಕಾರ ಮನುಷ್ಯನಿಗಿಲ್ಲ. ತನ್ನ ನಡತೆಯ ಬಗೆಗೆ ಭರವಸೆ ಕೊಡುವ ಅಧಿಕಾರ ಪ್ರತಿಯೊಬ್ಬನಿಗೂ ಇದೆ. ಆ ಎರಡನೆಯ ಬಗೆಯ ಭರವಸೆಯನ್ನು ಒಂದು ಮನೆ, ಒಂದು ಊರು, ಒಂದು ಸರ್ಕಾರ ತಮ್ಮ ತಮ್ಮ ಅಳತೆಯಲ್ಲಿ ಕೊಟ್ಟು ನಡೆಸಿಕೊಂಡರೆ, ಮೊದಲನೆಯದನ್ನು ಹುಡುಕಿಕೊಂಡು ಅಲೆಯುವವರ ಸಂಖ್ಯೆಯು ನಿಸ್ಸಂಶಯವಾಗಿ ತಗ್ಗುತ್ತದೆ.